ಅಕ್ಕನ ಬಲಗೈ

ಪಾರ್ಶ್ವವಾಯು ಹೊಡೆದ ಮೇಲೆ ಅಕ್ಕನ ಬಲಗೈ ಬಿದ್ದುಹೋಗಿತ್ತು. ಹೊಲಿಗೆಯೇ ಅವಳ ಬದುಕು. ಕೈಯನ್ನು ತಾನೇ ಆಡಿಸುವ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಅವಳನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿದರು.

ಮೊದಲ ಸುತ್ತಿನಲ್ಲಿ ಅವಳು ಸುಮ್ಮನಿರಬೇಕು, ನಾನು ಅವಳ ಬೆರಳುಗಳನ್ನು ಮಡಚಿ ಬಿಡಿಸಬೇಕು. ಅಪ್ಪ ರಾಗವಾಗಿ ಓದುತ್ತಿದ್ದ ಪದ್ಯವೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಅದರ ಲಯಕ್ಕೆ ಆಡಿಸಿದೆ. ಎರಡನೆಯ ಸುತ್ತು ಅವಳೊಬ್ಬಳದೇ, ಬೆರಳುಗಳನ್ನು ತಾನೇ ಆಡಿಸಲು ನೋಡಬೇಕು. ನಾನು ಹೊರಗೆ ಬಂದು ಗಾಜಿನ ಹಿಂದೆ ಡಾಕ್ಟರ ಪಕ್ಕ ನಿಂತೆ.

ಅಕ್ಕನ ಬೆರಳುಗಳು ಮೆಲ್ಲನೆ ಮಡಚಿಕೊಂಡವು, ಬಿಚ್ಚಿಕೊಂಡವು. ನಾನು ಗಾಜಿಗೆ ಮುಖ ಒತ್ತಿದೆ.

"ಡಾಕ್ಟ್ರೇ, ಆಡ್ತಿದೆ ನೋಡಿ."

"ಆಡೋದೇನೋ ಆಡ್ತಿದೆ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆದ್ರೆ ಇದು ಬೇರೆಯವರು ಆಡಿಸಿದಾಗ ಬರೋ ಚಿತ್ರ. ಒಳಗೆ ಯಾರನ್ನಾದ್ರೂ ಬಿಟ್ಟು ಬಂದ್ರೇನ್ರಿ?"

ತಮಾಷೆಗೆ ಅಂದರು, ನಗಲಿಲ್ಲ. ಒಳಗೆ ಯಾರೂ ಇರಲಿಲ್ಲ. ಆದರೆ ಅಕ್ಕನ ಮಣಿಕಟ್ಟಿನ ಚರ್ಮ ಹೆಬ್ಬೆರಳು ಒತ್ತಿ ಹಿಡಿದಂತೆ ತಗ್ಗಾಗಿತ್ತು. ಭಯಕ್ಕೆ ದೇವರ ಹೆಸರೂ ನನ್ನ ನಾಲಿಗೆಗೆ ಬರಲಿಲ್ಲ.

ಹೊರಗೆ ಕರೆತಂದಾಗ ಅಕ್ಕ ಗೊಣಗಿದಳು: "ಆಚೆ ಹೋಗು ಅಂತ ಅವ್ರು ಹೇಳಿದ್ರೂ ಹೋಗ್ಲಿಲ್ವಲ್ಲೋ ನೀನು. ಎರಡನೇ ಸಲ ಹದವಾಗಿ ಆಡಿಸ್ದೆ ಬಿಡು. ನಿನ್ನ ಕೈ ಯಾಕೆ ಅಷ್ಟು ತಣ್ಣಗಿತ್ತು?"



ಎರಡೇ ತಿಂಗಳಿಗೆ ಅಕ್ಕ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಲಿಗೆ ಮೊದಲಿಗಿಂತ ನೇರವಾಗಿದೆ ಎಂದು ಗಿರಾಕಿಗಳು ಹೊಗಳುತ್ತಾರೆ. ಕಳೆದ ವಾರ ಡಾಕ್ಟರು ಇನ್ನೊಮ್ಮೆ ಚಿತ್ರ ತೆಗೆಸಿದರು. ಅದು ಸ್ವಲ್ಪವೂ ಬದಲಾಗಿಲ್ಲ, ಈಗಲೂ ಬೇರೆಯವರು ಆಡಿಸಿದಾಗ ಬರುವ ಚಿತ್ರವೇ.