ಎರಡು ದಿನ ಉತ್ತರ ಕೊಡದ ಹೆಸರು

ಫೆಬ್ರವರಿ 3ರ ಬೆಳಿಗ್ಗೆ ಹನ್ನೊಂದಕ್ಕೆ ಹೊರಕೆರೆದೇವಪುರದ ಶಿಕ್ಷಕಿ ಜಯಶೀಲಾ ಚಿತ್ರದುರ್ಗದ ಸೈಬರ್ ಠಾಣೆಗೆ ಬಂದಳು. ಜೊತೆಗೆ ಮೈದುನ ಪ್ರಭುಲಿಂಗ. ಅವಳ ಮುಖವನ್ನು ಯಾರದೋ ಬೆತ್ತಲೆ ಮೈಗೆ ಅಂಟಿಸಿ, ಅವಳದೇ ಹೆಸರಿನ ವಿಳಾಸದಲ್ಲಿ ಇಂಟರ್ನೆಟ್ಟಿಗೆ ಹಾಕಿದ್ದರು. ಎರಡನೇ ಚಿತ್ರಕ್ಕೇ ಇನ್‌ಸ್ಪೆಕ್ಟರ್ ಮಮತಾ ಮೊಬೈಲನ್ನು ಬೋರಲು ಇಟ್ಟಳು. ಎಫ್‌ಐಆರ್ ದಾಖಲಾಯಿತು.

"ಮಕ್ಕಳಿಗೆ ಪಾಠ ಹೇಳೋಳು ನಾನು. ಆ ಹೆಸರು ಸಾಯಬೇಕು ಮೇಡಂ, ಅಷ್ಟೇ."

"ಅದಕ್ಕೆ ಸರ್ವರ್ರೇ ಇಲ್ಲ ಅತ್ತಿಗೆ. ಯಾರಿಗೂ ತೆಗ್ಸಕಾಗಲ್ಲ" ಎಂದು ಪ್ರಭುಲಿಂಗ ಸಮಾಧಾನ ಹೇಳಿದ.

ಸರ್ವರ್ ಇಲ್ಲವೆಂಬ ಅವನ ಮಾತು ನಿಜವಾಗಿತ್ತು. ನೋಟಿಸ್ ಕಳಿಸಲು ಕಂಪನಿಯೂ ಇಲ್ಲ, ಕಚೇರಿಯೂ ಇಲ್ಲ. ಕುರಿಗಾಹಿ ಮನೆತನದ ಕಾನ್‌ಸ್ಟೆಬಲ್ ಜುಂಜೇಶ್ ಬಿಡಿಸಿ ಹೇಳಿದ.

"ಕಳೆದ ಕುರಿ ಹುಡುಕ್ದಂಗೆ ಮೇಡಂ. ಎಲ್ಲ ಬರೆದಿಟ್ಟ ಪುಸ್ತಕ ಯಾರತ್ರಾನೂ ಇಲ್ಲ. ಒಂದು ಹಟ್ಟೀಲಿ ಕೇಳಿದ್ರೆ ಆ ಕಡೆ ಹಟ್ಟಿಯೋರ್ನ ಕೇಳ್ರಿ ಅಂತಾರೆ. ಹಂಗೇ ಹೋಗ್ತಾ ಗೊತ್ತಿರೋನು ಸಿಗ್ತಾನೆ. ಇಲ್ಲಿ ಹಟ್ಟಿ ಅಂದ್ರೆ ಒಂದೊಂದು ಕಂಪ್ಯೂಟರ್."

"ಹೇಳೋರು ಮರೆಯಲ್ವಾ?"

"ಒಂದೇ ದಿನಕ್ಕೆ ಮರೀತಾರೆ. ಹೆಸರಿಟ್ಟೋನ ಕಂಪ್ಯೂಟರ್ ಗುಟ್ಟಿನ ಕೀಲಿ ಹಾಕಿ ದಿನಾ ನೆನಪು ಮಾಡ್ಬೇಕು. ಆ ಕೀಲಿ ಬೇರೆಯೋರತ್ರ ಇರಲ್ಲ."

ಅಂದರೆ ಒಬ್ಬ ಈ ಹೊಲಸಿಗೆ ದಿನವೂ, ಹಲ್ಲುಜ್ಜಿದಷ್ಟು ತಪ್ಪದೆ, ಜೀವ ತುಂಬುತ್ತಿದ್ದಾನೆ. ಮಮತಾಗೆ ಚಹಾ ಸೇರಲಿಲ್ಲ. ಆ ಹೆಸರು ಎಲ್ಲಿದೆಯೆಂದು ಆ ಕಂಪ್ಯೂಟರ್‌ಗಳನ್ನು ದಿನಕ್ಕೆ ನಾಲ್ಕು ಸಲ ಕೇಳಿ, ಉತ್ತರ ಬಂದ ಸಮಯ ಬರೆದಿಡಲು ಜುಂಜೇಶನಿಗೆ ಹೇಳಿದಳು.

ಫೆಬ್ರವರಿ 17ರಂದು ಜಯಶೀಲಾಳನ್ನು ಒಬ್ಬಳನ್ನೇ ಕರೆಸಿದಳು.

"ಹನ್ನೆರಡು, ಹದಿಮೂರನೇ ತಾರೀಕು ಹೆಸರು ಉತ್ತರ ಕೊಟ್ಟಿಲ್ಲ. ನೀವೆಲ್ಲಿದ್ರಿ?"

"ಹೊಸದುರ್ಗದಾಗೆ. ಸೋದರಮಾವ ತೀರ್ಕಂಡಿದ್ರು. ಹನ್ನೊಂದನೇ ತಾರೀಕೇ ಮನೆಯೋರೆಲ್ಲ ಹೋಗಿ ಹದಿನಾಲ್ಕಕ್ಕೆ ಬಂದ್ವಿ. ಪ್ರಭೂನೂ ಕಂಪ್ಯೂಟರ್ ಅಂಗಡಿಗೆ ಬೀಗ ಹಾಕಿ..."

ಜಯಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಂದೇ ಸಂಜೆ 4.20ಕ್ಕೆ ಊರಿನಲ್ಲಿ ಪ್ರಭುಲಿಂಗನ ಅಂಗಡಿಯಲ್ಲಿ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಕೀಲಿಯ ಫೈಲು ಸಿಕ್ಕಿತು. ಅದೇ ಕಂಪ್ಯೂಟರಿನಿಂದ ಚಿತ್ರಗಳು ಇನ್ನೂರ ಹನ್ನೊಂದು ಸಲ ಹೊರಹೋದ ದಾಖಲೆಯೂ ಸಿಕ್ಕಿತು. ಪ್ರಭುಲಿಂಗನನ್ನು ಬಂಧಿಸಿದರು.

"ಯಾಕಪ್ಪ ಮಾಡಿದೆ?"

"ಅರ್ಜಿ ತುಂಬ್ಸೋಕೆ ಊರೋರೆಲ್ಲ ನನ್ನ ಅಂಗಡಿ ಕೇಳ್ಕಂಡು ಬರ್ತಿದ್ರು. ಅತ್ತಿಗೆ ಮನೇಲೇ ಕಾಸು ತಗಳ್ದೆ ತುಂಬಿಕೊಡೋಕೆ ಶುರು ಮಾಡಿದ್ರು. ಆಮೇಲೆ ನನ್ನ ಯಾರೂ ಕೇಳ್ಲಿಲ್ಲ."

"ಇಷ್ಟಕ್ಕಾ?"

ಅವನು ತಲೆಯನ್ನೂ ತಗ್ಗಿಸಲಿಲ್ಲ. ಮಮತಾ ಹೊರಗೆ ಹೋಗಿ ಎರಡು ಸಲ ಕೈ ತೊಳೆದುಕೊಂಡಳು. ಆದರೂ ಅಸಹ್ಯ ಹೋಗಲಿಲ್ಲ.

19ರ ಬೆಳಿಗ್ಗೆ ಜುಂಜೇಶ್ ಕೇಳಿದಾಗ ಹೆಸರಿಗೆ ಉತ್ತರ ಬರಲಿಲ್ಲ. ಮಮತಾ ಜಯಶೀಲಾಗೆ ಫೋನ್ ಮಾಡಿದಳು.

"ಕಂಪ್ಯೂಟರ್‌ಗಳು ಮರೆತವು ಕಣಮ್ಮ."

ಆ ಕಡೆ ಶಾಲೆಯ ಗಂಟೆ ಬಾರಿಸಿತು. ಜಯಶೀಲಾ ಕೇಳಿದಳು:

"ನೋಡಿದೋರು ಎಷ್ಟು ದಿನಕ್ಕೆ ಮರೀತಾರೆ ಮೇಡಂ?"