ಮಾವನನ್ನು ನೋಡಿಕೊಂಡ ಭಾನುವಾರ

"ಮುಂದಿನವರು ಬನ್ನಿ!"

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿಗೆ ಕೈ ಹಾಕುತ್ತಾ ಅವಳು ತಲೆಯೆತ್ತಿದಳು.

ಗಾಲಿಕುರ್ಚಿಯಲ್ಲಿ ಮಾವ. ಅದನ್ನು ತಳ್ಳಿಕೊಂಡು ಬಂದವನು... ಅವಳ ಗಂಡ!

ಮನೆ ಬಿಟ್ಟು ಬಂದ ಮೇಲೆ ಅವನ ಮುಖ ನೋಡಿದ್ದು ಇದೇ ಮೊದಲು. ಗೋಡೆಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಅದೇ ಬಿಳಿ. ಆದರೆ ಕೆನ್ನೆ ಎಷ್ಟು ಒಳಗೆ ಹೋಗಿಬಿಟ್ಟಿದೆ!

"ಚೆನ್ನಾಗಿದ್ದೀಯಾ?" ಎಂದ ಗಂಡ.

"ಅಂಗಿ ತೋಳು ಮೇಲೆತ್ತಿ," ಎಂದಳು ಮಾವನಿಗೆ.

ಕುಡಿದು ಬಂದು ಹೆಂಡತಿ ಮಗನನ್ನು ದನಕ್ಕೆ ಬಡಿದಂತೆ ಬಡಿಯುತ್ತಿದ್ದ ಮನುಷ್ಯ ಈ ಮಾವ. ಲಕ್ವ ಹೊಡೆದು ದಿಕ್ಕಿಲ್ಲದಾದಾಗ ಮಗ ಅವಳನ್ನು ಒಂದು ಮಾತೂ ಕೇಳದೆ ಮನೆಗೆ ಕರೆತಂದಿದ್ದ.

"ಇವರಿರಬೇಕು, ಇಲ್ಲ ನಾನಿರಬೇಕು! ಚರ್ಚಿನವರ ಮುಂದೆ ದೊಡ್ಡ ಮನುಷ್ಯ ಅನ್ನಿಸ್ಕೊಳ್ಳೋಕೆ ಈ ನಾಟಕ, ಅಲ್ವಾ?" ಎಂದು ಕೂಗಾಡಿ ಹೊರಟು ಬಂದಿದ್ದಳು. ಅವನು ತಡೆದಿರಲಿಲ್ಲ. ಅದೇ ಅವಳಿಗೆ ಉರಿ.

ಗಂಡ ರಸೀದಿ ತರಲು ಹೋದ. ಮುದುಕನ ಸೊಟ್ಟ ಬಾಯಿ ಮೆಲ್ಲಗೆ ತೆರೆಯಿತು.

"ಅಮ್ಮಾ... ನನ್ನಿಂದ ಅವನು ಚರ್ಚಿಗೂ ಹೋಗ್ತಿಲ್ಲ. ನನ್ನೊಬ್ಬನ್ನೇ ಬಿಡೋಕೆ ಭಯ ಅವನಿಗೆ. ಹೊಡೆದ ಕೈ ಇದು... ಇದನ್ನೇ ತೊಳೆದು ಉಗುರು ಕತ್ತರಿಸ್ತಾನೆ. ಯಾಕಪ್ಪಾ ಅಂದ್ರೆ, 'ಯೇಸು ನನ್ನ ಯೋಗ್ಯತೆ ನೋಡಿ ಪ್ರೀತಿಸಿದ್ನಾ?' ಅಂತಾನೆ."

ಅವಳು ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದಳು.

ನಾಟಕವಂತೆ! ನೋಡುವವರೇ ಇಲ್ಲದ ಕಡೆ ಯಾರಾದರೂ ನಾಟಕ ಆಡುತ್ತಾರಾ? ಪ್ರತಿ ಭಾನುವಾರ ಮೊದಲ ಸಾಲಿನಲ್ಲಿ ನಿಂತು ಪ್ರೀತಿಯ ಬಗ್ಗೆ ಹಾಡುತ್ತಿದ್ದವಳು ತಾನಲ್ಲವೇ...

ಆ ಭಾನುವಾರ ಅವಳು ಹಾಡಲು ಹೋಗಲಿಲ್ಲ. ಗಂಡನ ಮನೆಯ ಕದ ತಟ್ಟಿದಳು.

"ನೀವು ಚರ್ಚಿಗೆ ಹೋಗಿ ಬನ್ನಿ. ಮಾವನ್ನ ನಾನು ನೋಡ್ಕೋತೀನಿ."

ಅವನು ಏನೋ ಕೇಳಲು ಬಾಯಿ ತೆರೆದ.

"ಏನೂ ಕೇಳ್ಬೇಡಿ. ವಾಪಸ್ ಸೇರಿಸ್ಕೊಳ್ಳಿ ಅನ್ನೋ ಮುಖ ನನಗಿಲ್ಲ. ಹೋಗಿ, ಹೊತ್ತಾಯ್ತು."

ಅವನು ಹೋದ. ಹಾಲಿನಲ್ಲಿ ನೆನೆಸಿ ತಿನ್ನಿಸಿದ ಬ್ರೆಡ್ಡು ಮಾವನ ಬಾಯಿಂದ ಅರ್ಧ ಹೊರಗೆ ಸೋರುತ್ತಿತ್ತು. ಮೊದಲು ಅವಳು ಮುಖ ತಿರುಗಿಸಿದಳು. ಆಮೇಲೆ ಒರೆಸಿದಳು. ಮತ್ತೆ ಸೋರಿತು, ಮತ್ತೆ ಒರೆಸಿದಳು. ಇಷ್ಟೇನಾ? ಇಷ್ಟಕ್ಕಾಗಿ ಸಂಸಾರ ಬಿಟ್ಟೆನಾ?

"ನಿನ್ನ ಕೈಲಿ ಸೂಜಿಗಿಂತ ಚಮಚ ವಾಸಿ ಕಣಮ್ಮಾ," ಎಂದ ಮುದುಕ.

ನಕ್ಕಳು. ನಗು ನಡುವೆಯೇ ಅಳುವಾಯಿತು.

ಬಾಗಿಲು ಸದ್ದಾಯಿತು.

"ಇಷ್ಟು ಬೇಗ ಮುಗೀತಾ?" ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಅರ್ಧಕ್ಕೇ ಎದ್ದು ಬಂದೆ. ಮೊಣಕಾಲೂರಿದ್ರೆ ನಿನ್ನ ಮುಖಾನೇ ಎದುರಿಗೆ ಬರ್ತಿತ್ತು. ಅಪ್ಪನ್ನ ಕ್ಷಮಿಸಿದೆ ಅಂತ ಬೀಗ್ತಿದ್ದೆ... ನಿನ್ನನ್ನ ಒಂದು ಮಾತು ಕೇಳ್ಲಿಲ್ಲ. ಹೋಗ್ಬೇಡ ಅಂತಾನೂ ಅನ್ಲಿಲ್ಲ. ತಪ್ಪಾಯ್ತು ಕಣೇ."

"ಕೇಳಿದ್ರೂ ಬೇಡ ಅಂತಿದ್ದೆ. ನನಗೆ ನನ್ನದಷ್ಟೇ ಕಾಣ್ತಿತ್ತು." ಅವಳು ಚಮಚ ಕೆಳಗಿಟ್ಟಳು. "ಕಳೆದುಹೋದ ದಿನಗಳು ವಾಪಸ್ ಬರಲ್ಲ, ಅಲ್ವೇನ್ರೀ?"

"ಬರಲ್ಲ," ಎಂದ. ಸುಳ್ಳು ಸಮಾಧಾನ ಹೇಳಲಿಲ್ಲ.

ಅವಳು ಮಾವನ ಗಲ್ಲವನ್ನು ಇನ್ನೊಮ್ಮೆ ಒರೆಸಿದಳು.

"ಒಂದೇ ಒಂದು ಸಲ ಹೇಳಿ ನೋಡೋಣ," ಎಂದಳು ತಲೆ ತಗ್ಗಿಸಿ.

"ಏನಂತ?"

"ಇರು ಅಂತ..."

"ಇರು," ಎಂದ.

"ಹೂಂ ರೀ... ಇರ್ತೀನಿ."