ಸೀಗಡಿ ಎಂದು ಬರೆದ ಪೆಟ್ಟಿಗೆ

ಚಾಕು ನನ್ನ ಹೊಟ್ಟೆಗೆ ತಾಗಿತ್ತು.

ವಾರಿನ್ ಮಾರ್ಕೆಟ್ಟಿನ ಮೀನಿನ ಸಾಲು, ಸಿಸ್ಟರ್. ಚಾಕು ಹಿಡಿದವನು ಸೀಗಡಿ ವ್ಯಾಪಾರಿ ತಾವೊನ್. ಅವನ ಕಾಲ ಬಳಿ ನಾನು ಬೆಳಗಿನಿಂದ ಹುಡುಕುತ್ತಿದ್ದ ಐಸ್ ಪೆಟ್ಟಿಗೆ.

"ಅದು ಲ್ಯಾಬಿಂದು ಅಣ್ಣ. ಕೊಟ್ಬಿಡು."

"ಕಣ್ಣು ಕಾಣಲ್ವೇನಯ್ಯಾ? ಮೇಲೆ ಏನು ಬರೆದಿದೆ?"

ಕುಂಗ್. ಅಂದರೆ ಸೀಗಡಿ.

ನಮ್ಮ ಥಾಯ್ ಜನಕ್ಕೆ ಅಡ್ಡಹೆಸರಿಲ್ಲದೆ ಅನ್ನ ಇಳಿಯದು. ಲ್ಯಾಬಿನ ಡಾಕ್ಟರಮ್ಮನನ್ನೂ ಎಲ್ಲರೂ ಕುಂಗ್ ಎಂದೇ ಕರೆಯುವುದು. ಅವರಿಗೆ ಈ ಪೆಟ್ಟಿಗೆ ತರುತ್ತಿದ್ದ ಲ್ಯಾಬಿನ ವ್ಯಾನು ದಾರಿಯಲ್ಲಿ ಕೆಟ್ಟಿತು. ಡ್ರೈವರ್ ಮಹಾಶಯ ಆ ಒಂದೇ ಪದ ಗೀಚಿ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿದ. ಬಸ್ ಸ್ಟ್ಯಾಂಡಿನವರು ನೇರ ಸೀಗಡಿ ಅಂಗಡಿಗೆ ಮುಟ್ಟಿಸಿದರು. ವಾಪಸ್ ತರಲು ಲ್ಯಾಬಿನ ಕಾವಲಿಗಿರುವ ಮಾಜಿ ಪೊಲೀಸ್ ನಾನು ಬೇಕಾದೆ.

"ನಿನ್ನ ಹೆಸರೇನು?"

"ಮೂ." ನಮ್ಮಲ್ಲಿ ಹಂದಿಗೂ ಅದೇ ಪದ.

"ಹಂದಿನಾ? ಹಂದಿ ಅಂಗಡಿ ಆ ಕಡೆ. ನಡಿ."

ಸಾಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ... ಪೆಟ್ಟಿಗೆಯಲ್ಲಿದ್ದದ್ದು ಗದ್ದೆಯ ಕೆಸರಿನ ರೋಗಾಣು. ಹೋದ ಮಳೆಗಾಲ ನಾಟಿಗೆ ಇಳಿದ ನನ್ನ ಹೆಂಡತಿ ಮಾಲಿಯ ಕಾಲಿನ ಗಾಯದಲ್ಲಿ ಹೊಕ್ಕು ಅವಳನ್ನು ಕೊಂದ ಜಾತಿ. ಮೈಯೊಳಗೆ ಅದು ಎಲ್ಲಿ ಅಡಗುತ್ತದೆಂದು ಹುಡುಕುವುದೇ ಕಷ್ಟ. ಡಾಕ್ಟರ್ ಕುಂಗ್ ವರ್ಷಗಟ್ಟಲೆ ಹೆಣಗಿ ಅದಕ್ಕೆ ಹಸಿರಾಗಿ ಹೊಳೆಯುವಂತೆ ಮಾಡುವ ಜೀನ್ ಸೇರಿಸಿದ್ದರು. ಕರೆಂಟ್ ಹೋಗಿ ಫ್ರೀಜರಿನಲ್ಲಿದ್ದದ್ದೆಲ್ಲ ಹಾಳಾಗಿ, ಉಳಿದದ್ದು ಬೇರೆ ಊರಿನ ಲ್ಯಾಬಿನಲ್ಲಿ ಇಟ್ಟಿದ್ದ ಈ ಎರಡೇ ಟ್ಯೂಬು.

"ತೆರೀಬೇಡ. ಅದರಲ್ಲಿ ಸಾವಿದೆ."

"ಸತ್ತ ಸೀಗಡಿನೇ ಕಣಯ್ಯ ನಾನು ಮಾರೋದು."

ಚಾಕುವನ್ನು ಮುಚ್ಚಳಕ್ಕೆ ಚುಚ್ಚಿದ. ಒಳಗೆ ಚಟ್ ಎಂದಿತು. ಎಳೆದಾಗ ಅಲಗು ಒದ್ದೆಯಾಗಿತ್ತು. ಅವನ ಇನ್ನೊಂದು ಕೈಯಲ್ಲಿ ಸೀಗಡಿ ಮುಳ್ಳು ಚುಚ್ಚಿದ ಹಸಿ ಗಾಯ... ಅಲಗು ಒರೆಸಲು ಅದೇ ಕೈ ಎತ್ತಿದ.

ನಾನು ಅಲಗನ್ನೇ ಹಿಡಿದೆ. ಬರಿಗೈಯಲ್ಲಿ.

"ಹುಚ್ಚು ಹಿಡಿದಿದೆಯಾ ನಿಂಗೆ?"

"ಹೌದು. ಬಿಡು."

ರಕ್ತ ನೋಡಿ ಬಿಟ್ಟ. ಲ್ಯಾಬಿನವರು ಬಂದು ಅಂಗಡಿಗೆಲ್ಲ ಬ್ಲೀಚ್ ಸುರಿದರು. ಅದಕ್ಕೂ ಅವನು ಬೈದದ್ದು ನನ್ನನ್ನೇ.

ಒಂದು ಟ್ಯೂಬು ಉಳಿದಿದೆ. ಅದನ್ನು ನೋಡಿ ಡಾಕ್ಟರ್ ಕುಂಗ್ ಅತ್ತರು. ನನ್ನ ಕೈ ನೋಡಿ ಮತ್ತೆ ಅತ್ತರು. ನೀವು ಔಷಧಿ ಏರಿಸುತ್ತಿದ್ದೀರಿ, ಸರಿ. ಆದರೂ ನನಗೆ ಭಯವಾಗುತ್ತಿದೆ, ಸಿಸ್ಟರ್. ಮಾಲಿಗೂ ಇದೇ ವಾರ್ಡಿನಲ್ಲಿ ಏರಿಸಿದ್ದರು.

"ಒಳಗೆ ಹೋಗಿದ್ರೂ ಎಲ್ಲಿದೆ ಅಂತ ಈಗ ಕಂಡುಹಿಡೀಬಹುದು, ಮೂ ಅಣ್ಣ," ಅಂದರು ಡಾಕ್ಟರಮ್ಮ. ಸಮಾಧಾನ ಹೇಳಿದ್ದಂತೆ.

ಸ್ವಲ್ಪ ಆ ಲೈಟ್ ಆರಿಸಿ, ಸಿಸ್ಟರ್. ನನ್ನ ಅಂಗೈ ಹೊಳೀತಿದೆಯಾ ನೋಡಿ.